ಫೋನ್ ನನಗೇ ಬರುತ್ತಿತ್ತು: ಶಿರಸಿಯಲ್ಲಿ ಪುಟ್ಟ ಹೋಸ್ಟಿಂಗ್ ಶುರುವಾದ ಪ್ರಕರಣ

2017ರ ಡಿಸೆಂಬರ್ 26, ಮಂಗಳವಾರ. ಬೆಳಿಗ್ಗೆ ಏಳೂಕಾಲಿಗೆ ಗೋಕರ್ಣದಿಂದ ಫೋನ್ ಬಂತು. ಅಲ್ಲಿ ಹನ್ನೊಂದು ಕೋಣೆಯ ಹೋಮ್‌ಸ್ಟೇ ನಡೆಸುವ ಅಕ್ಕ. "ತಮಾ, ನಮ್ಮ ಸೈಟು ಓಪನ್ನೇ ಆಗ್ತಾ ಇಲ್ಲೆ. ಎಂತ ಆತು ನೋಡು."

ಆಗ ನನ್ನದು ಹೋಸ್ಟಿಂಗ್ ವ್ಯಾಪಾರ, ಅಂದರೆ ಸೈಟುಗಳಿಗೆ ಸದಾ ಇಂಟರ್ನೆಟ್ಟಿನಲ್ಲಿರುವ ಕಂಪ್ಯೂಟರಿನಲ್ಲಿ (ಸರ್ವರ್) ಜಾಗ ಕೊಡುವ ವ್ಯಾಪಾರ ಅಲ್ಲ. ಶಿರಸಿಯಲ್ಲಿ ಕೂತು ವೆಬ್‌ಸೈಟ್ ಮಾಡಿಕೊಡುತ್ತಿದ್ದೆ, ಅಷ್ಟೇ. ಕರಾವಳಿಯ ಹೋಮ್‌ಸ್ಟೇಗಳು, ಎರಡು ಸಹಕಾರಿ ಸಂಘಗಳು, ಒಂದು ಯಕ್ಷಗಾನ ಮೇಳ, ಅಪ್ಪೆಮಿಡಿ ಉಪ್ಪಿನಕಾಯಿ ಮಾರುವ ಒಂದು ಮನೆ, ಜೇನು ಮಾರುವವರು. ಒಟ್ಟು 34 ಸೈಟು. ಎಲ್ಲವೂ ಒಂದು ದೊಡ್ಡ ಕಂಪನಿಯ ರೀಸೆಲ್ಲರ್ ಖಾತೆಯಲ್ಲಿದ್ದವು. ರೀಸೆಲ್ಲರ್ ಅಂದರೆ ಸಗಟು ಬಾಡಿಗೆ. ದೊಡ್ಡ ಮನೆಯ ಒಂದು ಭಾಗವನ್ನು ನಾವು ಹಿಡಿದು, ಕೋಣೆ ಕೋಣೆಯಾಗಿ ಗ್ರಾಹಕರಿಗೆ ಕೊಡುವುದು. ಮನೆಯ ಯಜಮಾನ ಬೇರೆ. ಅವನು ಯಾರು ಅಂತ ಕೋಣೆಯಲ್ಲಿ ಇರುವವರಿಗೆ ಗೊತ್ತೇ ಇರುವುದಿಲ್ಲ.

ಅವತ್ತು ಅಕ್ಕನ ಸೈಟು ಮಾತ್ರ ಅಲ್ಲ, 34ಕ್ಕೆ 34 ಸೈಟೂ ಬಿದ್ದಿದ್ದವು. ಕಂಪನಿಗೆ ದೂರು ಬರೆದೆ. ಮೂರು ತಾಸಿನ ನಂತರ ಉತ್ತರ ಬಂತು: ಪರಿಶೀಲಿಸುತ್ತಿದ್ದೇವೆ, ತಾಳ್ಮೆಗೆ ಧನ್ಯವಾದ. ಮರುದಿನವೂ ಅದೇ ಉತ್ತರ, ಬರೆದವರ ಹೆಸರು ಮಾತ್ರ ಬೇರೆ. ಮೂರನೇ ದಿನ ಕಾರಣ ತಿಳಿಯಿತು. ಅದೇ ಸರ್ವರ್‌ನಲ್ಲಿದ್ದ ಇನ್ನಾರದೋ ಖಾತೆಗೆ ಯಾರೋ ನುಗ್ಗಿ, ಅಲ್ಲಿಂದ ರಾಶಿ ರಾಶಿ ಸ್ಪ್ಯಾಮ್ ಮೇಲ್ ಕಳಿಸಿದ್ದರು. ಹಾಗಾಗಿ ಇಡೀ ಸರ್ವರ್ ನಿಲ್ಲಿಸಿದ್ದರು. 29ರ ಸಂಜೆ ಸೈಟುಗಳು ಎದ್ದವು. ಆದರೆ ಎರಡು ವಾರ ಹಳೆಯ ಬ್ಯಾಕಪ್‌ನಿಂದ. ನಡುವೆ ಮಾಡಿದ ಬದಲಾವಣೆ ಎಲ್ಲ ಹೋಯಿತು. ಹೊಸ ವರ್ಷಕ್ಕೆಂದು ಅಕ್ಕ ಹಾಕಿಸಿದ್ದ ಕೋಣೆ ದರವೂ ಹೋಯಿತು.

ಇಲ್ಲಿ ಒಂದು ಸಂಗತಿ ಹೇಳಲೇಬೇಕು. ಸರ್ವರ್ ಬಿದ್ದಾಗ ಮೇಲ್ ತಕ್ಷಣ ಕಳೆದುಹೋಗುವುದಿಲ್ಲ. ಕಳಿಸಿದ ಕಡೆಯ ಸರ್ವರ್ ಅದನ್ನು ಇಟ್ಟುಕೊಂಡು, ಸಾಮಾನ್ಯವಾಗಿ ನಾಲ್ಕೈದು ದಿನ, ಮತ್ತೆ ಮತ್ತೆ ತಲುಪಿಸಲು ನೋಡುತ್ತದೆ. ಹಾಗಾಗಿ 29ರ ರಾತ್ರಿ ಅಕ್ಕನ ಇನ್‌ಬಾಕ್ಸ್‌ಗೆ 17 ಮೇಲ್ ಒಟ್ಟಿಗೇ ಬಂದು ಬಿದ್ದವು. 'ಡಿಸೆಂಬರ್ 30ಕ್ಕೆ ಎರಡು ಕೋಣೆ ಸಿಗುತ್ತಾ?' 'ನಾಲ್ಕು ಜನ, 31ಕ್ಕೆ ಇದೆಯಾ?' ಅಕ್ಕ ಒಂದೊಂದಕ್ಕೂ ಕೂತು ಉತ್ತರ ಬರೆದರು. ಎಲ್ಲರೂ ಅಷ್ಟರಲ್ಲಿ ಬೇರೆ ಕಡೆ ಬುಕ್ ಮಾಡಿಯಾಗಿತ್ತು. ಗೋಕರ್ಣದಲ್ಲಿ ಇಡೀ ವರ್ಷದ ದುಡಿಮೆ ನಿಂತಿರುವುದು ಅಂಥ ಕೆಲವು ವಾರಗಳ ಮೇಲೆ. ಆ ವರ್ಷ ಹೊಸ ವರ್ಷದ ರಾತ್ರಿ ಅವರ ಆರು ಕೋಣೆ ಖಾಲಿ ಇದ್ದವು.

ನನಗೆ ತಡೆಯಲಾಗಲಿಲ್ಲ. ಬಸ್ಸು ಹತ್ತಿ, ದೇವಿಮನೆ ಘಟ್ಟ ಇಳಿದು ಗೋಕರ್ಣಕ್ಕೆ ಹೋದೆ. ಕ್ಷಮೆ ಕೇಳಿದೆ. ತಪ್ಪು ಕಂಪನಿಯದು ಅಂತ ವಿವರಿಸಲು ಹೊರಟೆ. ಅಕ್ಕ ಚಾ ಕೊಟ್ಟು ಹೇಳಿದರು: "ಆ ಕಂಪನಿ ಹೆಸರು ಯಂಗೆ ಗೊತ್ತಿಲ್ಲೆ ತಮಾ. ಯಂಗೆ ಗೊತ್ತಿಪ್ಪುದು ನೀನು." ನನಗೆ ಗೊತ್ತಿರುವುದು ನೀನು ಅಂತ.

ಜನ ಯಾಕೆ ಸ್ವಂತ ಹೋಸ್ಟಿಂಗ್ ಶುರು ಮಾಡುತ್ತಾರೆ ಅಂತ ಯಾರಾದರೂ ಕೇಳಿದರೆ ನನಗೆ ಈ ಮಾತೇ ನೆನಪಾಗುತ್ತದೆ. ಜವಾಬ್ದಾರಿ ಮೊದಲೇ ನನ್ನ ಮೇಲಿತ್ತು. ಬೀಗದ ಕೈ ಮಾತ್ರ ನನ್ನ ಹತ್ತಿರ ಇರಲಿಲ್ಲ.

ಎದುರಿಗಿದ್ದ ದಾರಿಗಳು

ಸಾಮಾನ್ಯವಾಗಿ ಹೇಳುವ ಕಾರಣ ಬೇರೆ. ಸೈಟು ಮಾಡಿಕೊಟ್ಟರೆ ದುಡ್ಡು ಒಂದು ಸಲ ಬರುತ್ತದೆ, ಹೋಸ್ಟಿಂಗ್ ಕೊಟ್ಟರೆ ಪ್ರತಿ ವರ್ಷ ಬರುತ್ತದೆ. ಶುರು ಮಾಡುವ ಖರ್ಚೂ ಕಡಿಮೆ. ರೀಸೆಲ್ಲರ್ ಖಾತೆ, ಒಂದು ಬಿಲ್ಲಿಂಗ್ ಸಾಫ್ಟ್‌ವೇರ್, ಒಂದು ಲೋಗೋ ಇದ್ದರೆ ಕಾಲೇಜು ಹುಡುಗನೂ ಒಂದು ವಾರದಲ್ಲಿ ಅಂಗಡಿ ತೆರೆಯಬಹುದು. ಬೇಸಿಗೆ ರಜೆಯಲ್ಲಿ ಹೀಗೆ ತೆರೆದು, ಪರೀಕ್ಷೆ ಬಂದಾಗ ಮುಚ್ಚಿಹೋಗುವ ಹೋಸ್ಟಿಂಗ್‌ಗಳು ಜಗತ್ತಿನಾದ್ಯಂತ ಇವೆ. ಗ್ರಾಹಕರಿಗೆ ಬಾಗಿಲು ಹಾಕಿದ್ದು ತಿಳಿಯುವುದು ಸೈಟು ಬಿದ್ದ ಮೇಲೆಯೇ. ನನಗೆ ಅಂಥವರ ಮೇಲೆ ಸಿಟ್ಟಿದೆ. ಇನ್ನೊಬ್ಬರ ಅನ್ನದ ದಾರಿಯನ್ನು ರಜೆಯ ಕೆಲಸ ಮಾಡಿಕೊಳ್ಳಬಾರದು.

ನಾನೂ ಕೂಡಲೇ ಸ್ವಂತ ಸರ್ವರ್ ಅಂತ ಹಾರಲಿಲ್ಲ. ಇನ್ನೊಂದು ಕಂಪನಿಗೆ ಹೋಗಬಹುದಿತ್ತು. ಆದರೆ ಅಲ್ಲೂ ಪಕ್ಕದ ಕೋಣೆಯಲ್ಲಿ ಯಾರಿದ್ದಾರೋ ಗೊತ್ತಾಗುವುದಿಲ್ಲ. 'ಅನ್‌ಲಿಮಿಟೆಡ್' ಅಂತ ಮಾರುವ ಪ್ಲ್ಯಾನ್‌ಗಳಿಗೂ ಒಳಗೆ ಮಿತಿ ಇರುತ್ತದೆ. ಇಷ್ಟೇ ಫೈಲು, ಇಷ್ಟೇ ಪ್ರೊಸೆಸರ್ ಸಮಯ ಅಂತ ಕರಾರಿನ ಒಳಪುಟದಲ್ಲಿ ಬರೆದಿರುತ್ತಾರೆ. ಒಂದೇ ಯಂತ್ರದಲ್ಲಿ ಹಿಡಿಸುವುದಕ್ಕಿಂತ ಜಾಸ್ತಿ ಮಾರುವುದು, ಎಲ್ಲರೂ ಒಟ್ಟಿಗೆ ಬರುವುದಿಲ್ಲ ಅಂತ ನಂಬುವುದು, ಆ ಬೆಲೆಗೆ ಅದು ಸಾಧ್ಯವಾಗುವುದೇ ಹಾಗೆ.

ಎರಡನೆಯ ದಾರಿ ನನಗೆ ತುಂಬ ಇಷ್ಟವಾಗಿತ್ತು. ಪ್ರತಿ ಗ್ರಾಹಕರೂ ತಮ್ಮ ಹೆಸರಲ್ಲೇ ಖಾತೆ ತೆರೆಯಲಿ, ನಾನು ಬರೀ ಕೆಲಸ ಮಾಡಿಕೊಡುತ್ತೇನೆ. ಇದೇ ಸರಿಯಾದದ್ದು ಅಂತ ಈಗಲೂ ಅನಿಸುತ್ತದೆ. ಆದರೆ ಮೊದಲೇ ಆರು ಮಂದಿಗೆ ಹೀಗೆ ಮಾಡಿಕೊಟ್ಟಿದ್ದೆ, ಎರಡು ವರ್ಷದಲ್ಲಿ ನಾಲ್ವರ ಡೊಮೇನ್, ಅಂದರೆ ಸೈಟಿನ ಹೆಸರಿನ ಅವಧಿ ಮುಗಿದಿತ್ತು. ಒಂದು ಸಂಘದ್ದಂತೂ ಕೈತಪ್ಪುವುದರಲ್ಲಿತ್ತು. ಕಾರ್ಯದರ್ಶಿ ಬದಲಾಗಿದ್ದರು, ನೆನಪಿನ ಮೇಲ್‌ಗಳು ಹಳೆಯ ಕಾರ್ಯದರ್ಶಿಗೆ ಹೋಗುತ್ತಿದ್ದವು. ಅವೂ ಇಂಗ್ಲಿಷಿನಲ್ಲಿ. ಡಾಟ್ ಕಾಮ್ ಹೆಸರು ಅವಧಿ ಮುಗಿದ ಕೂಡಲೇ ಹೋಗುವುದಿಲ್ಲ. ಮೊದಲು 45 ದಿನದವರೆಗೆ ಮಾಮೂಲಿ ದರದಲ್ಲಿ ನವೀಕರಿಸುವ ಅವಕಾಶ ಇರಬಹುದು. ಆಮೇಲೆ 30 ದಿನ ದಂಡ ಕಟ್ಟಿ ಬಿಡಿಸಿಕೊಳ್ಳುವ ಅವಧಿ. ಅದಾದ ಮೇಲೆ 5 ದಿನಕ್ಕೆ ಹೆಸರು ಬಿಡುಗಡೆಯಾಗಿ ಯಾರ ಕೈಗೂ ಹೋಗಬಹುದು. ನಾವು ದಂಡದ ಅವಧಿಯಲ್ಲಿ ಹಿಡಿದೆವು. ಆ ಸಂಘದಲ್ಲಿ ಕ್ರೆಡಿಟ್ ಕಾರ್ಡ್ ಇರಲಿಲ್ಲ. ಪಾಸ್‌ಬುಕ್ಕು, ರಸೀದಿ ಪುಸ್ತಕ ಇದ್ದವು. ಕಟ್ಟಿದ್ದು ನನ್ನ ಕಾರ್ಡಿನಿಂದ.

ಒಂದು ರಾತ್ರಿ ಊಟಕ್ಕೆ ಕೂತಾಗ ಅಪ್ಪ ಎಲ್ಲ ಕೇಳಿ ಒಂದೇ ಮಾತು ಹೇಳಿದರು. "ಅಡಿಕೆ ನಮ್ಮದು, ತಕ್ಕಡಿ ಅವರದು ಆದಂಗೆ ಆತು ನಿಂದು." ಶಿರಸಿ ಸೀಮೆಯವರಿಗೆ ಈ ಮಾತು ಬಿಡಿಸಿ ಹೇಳಬೇಕಿಲ್ಲ. ಇಲ್ಲಿನ ತೋಟಗಾರರು ತಮ್ಮದೇ ಸೇಲ್ ಸೊಸೈಟಿ ಕಟ್ಟಿದ್ದು 1923ರಲ್ಲಿ. ಚಾಲಿ, ರಾಶಿ, ಬೆಟ್ಟೆ ಯಾವ ಬಗೆಯ ಅಡಿಕೆಯೇ ಇರಲಿ, ತೂಗುವ ಜಾಗದಲ್ಲಿ ನಮ್ಮನ್ನು ಹೆಸರು ಹಿಡಿದು ಕರೆಯುವವರು ಇರಬೇಕು ಅನ್ನುವುದು ಈ ಊರಿಗೆ ಹೊಸ ಯೋಚನೆ ಅಲ್ಲ.

ಸರ್ವರ್ ಎಲ್ಲಿದೆ?

2018 ಮಾರಿಕಾಂಬಾ ಜಾತ್ರೆಯ ವರ್ಷ. ಎರಡು ವರ್ಷಕ್ಕೊಮ್ಮೆ ಬರುವ ಆ ಜಾತ್ರೆಯ ಒಳಗೆ ಎಲ್ಲ ಮುಗಿಸಬೇಕು ಅಂತ ಹಟ ಹಿಡಿದೆ. ಬೆಂಗಳೂರಿನ ಡೇಟಾ ಸೆಂಟರ್‌ನಲ್ಲಿ ಒಂದು ವಿಪಿಎಸ್ ಬಾಡಿಗೆಗೆ ತೆಗೆದುಕೊಂಡೆ. ದೊಡ್ಡ ಯಂತ್ರವನ್ನು ಸಾಫ್ಟ್‌ವೇರ್‌ನಿಂದ ಭಾಗ ಮಾಡಿ, ಒಂದು ಭಾಗವನ್ನು ಪೂರ್ತಿ ನಮ್ಮ ಕೈಗೆ ಕೊಡುತ್ತಾರೆ. ಒಳಗೆ ಯಾರಿರಬೇಕು, ಬ್ಯಾಕಪ್ ಯಾವಾಗ ಆಗಬೇಕು, ಎಲ್ಲ ನಮ್ಮದೇ ತೀರ್ಮಾನ.

ಊರಲ್ಲಿ ಸುಮಾರು ಜನ ಸರ್ವರ್ ನೋಡಲು ಬಂದರು. ಬೆಂಗಳೂರಲ್ಲಿದೆ ಅಂದಾಗ ಅವರ ಮುಖ ಸಣ್ಣಗಾಗುತ್ತಿತ್ತು. ನಮ್ಮ ಮನೆ ಹುಲೇಕಲ್ ಕಡೆ. ಮಳೆಗಾಲದಲ್ಲಿ ಮರ ಬಿದ್ದರೆ ಎರಡು ಮೂರು ದಿನ ಕರೆಂಟ್ ಇರುವುದಿಲ್ಲ. ಅಂಥ ಕಡೆ ಸರ್ವರ್ ಇಡುವುದು ಗ್ರಾಹಕರಿಗೆ ಮಾಡುವ ಮೋಸ. ಸರ್ವರ್ ಕರೆಂಟ್ ಇರುವಲ್ಲಿ ಇರಬೇಕು, ಅದನ್ನು ನೋಡಿಕೊಳ್ಳುವವನು ಗ್ರಾಹಕರಿಗೆ ಸಿಗುವಲ್ಲಿ ಇರಬೇಕು.

ಸಿಗುವುದು ಅಂದರೆ ಎಷ್ಟು ಕಷ್ಟ ಅಂತ ಆ ಜುಲೈನಲ್ಲೇ ಗೊತ್ತಾಯಿತು. ಕರೆಂಟಿಲ್ಲ, ಲ್ಯಾಂಡ್‌ಲೈನ್ ಸತ್ತಿದೆ. ಅಂಗಳದಲ್ಲಿ ಸರ್ವರ್ ಬಗ್ಗೆ ಎಚ್ಚರಿಕೆಯ ಒಂದು ಎಸ್ಸೆಮ್ಮೆಸ್ ಹೇಗೋ ಬಂತು: ಡಿಸ್ಕ್ ತುಂಬುತ್ತಿದೆ. ಕಂಬಳಿಕೊಪ್ಪೆ ಹಾಕಿಕೊಂಡು ಮನೆ ಹಿಂದಿನ ಸೊಪ್ಪಿನ ಬೆಟ್ಟದ ನೆತ್ತಿಗೆ ಹೋದೆ. ಅಲ್ಲಿ ಎರಡು ಕಡ್ಡಿ ಸಿಗ್ನಲ್ ಸಿಗುತ್ತದೆ. ಮೊಬೈಲಿನಿಂದಲೇ ಎಸ್‌ಎಸ್‌ಎಚ್ ಮೂಲಕ ಸರ್ವರ್ ಒಳಗೆ ಹೋದೆ. ಎಸ್‌ಎಸ್‌ಎಚ್‌ನಲ್ಲಿ ಹೋಗಿಬರುವುದು ಬರೀ ಅಕ್ಷರ, ಹಾಗಾಗಿ ಟೂಜಿ ಇದ್ದರೂ ನಡೆಯುತ್ತದೆ. ಸರ್ವರ್ ತನ್ನ ಕೆಲಸ ದಾಖಲಿಸಿಡುವ ಹಳೆಯ ಲಾಗ್ ಫೈಲು ಅಳಿಸಿ, ಜಾಗ ಆದದ್ದು ನೋಡಿ ಇಳಿದೆ. ಕಾಲಲ್ಲಿ ನಾಲ್ಕು ಉಂಬಳ. ಆ ಹೊತ್ತಿಗೆ ನನ್ನ ಮನಸ್ಸಿನಲ್ಲಿ ಇದ್ದದ್ದು ನೆಮ್ಮದಿ. ಏಳು ತಿಂಗಳ ಹಿಂದೆ ಇಂಥದ್ದೇ ಸಮಯದಲ್ಲಿ ನಾನು ಮಾಡಬಹುದಾಗಿದ್ದದ್ದು ದೂರು ಬರೆದು ಕಾಯುವುದು ಮಾತ್ರ.

ಸೈಟುಗಳನ್ನು ಸಾಗಿಸಿದ ಕಥೆ ಉದ್ದ ಮಾಡುವುದಿಲ್ಲ. ಯಾವ ಸೈಟು ಯಾವ ಸರ್ವರ್‌ನಲ್ಲಿದೆ ಅಂತ ಹೇಳುವ ಡಿಎನ್‌ಎಸ್ ದಾಖಲೆಯನ್ನು ಉಳಿದ ಕಂಪ್ಯೂಟರ್‌ಗಳು ನೆನಪಿಟ್ಟುಕೊಳ್ಳುವ ಅವಧಿಯನ್ನು ಮೊದಲೇ ಐದು ನಿಮಿಷಕ್ಕೆ ಇಳಿಸಿ, ರಾತ್ರಿ ಹನ್ನೊಂದರ ಮೇಲೆ ಒಂದೊಂದೇ ಸೈಟು ಬದಲಾಯಿಸಿದೆ. ಮೂರು ವಾರ ಹಿಡಿಯಿತು. ಒಂದು ಲಾಭ ಮಾತ್ರ ಕೂಡಲೇ ಕಂಡಿತು. 2018ರ ಜುಲೈಯಿಂದ ಕ್ರೋಮ್ ಬ್ರೌಸರ್, ಹೋಗಿಬರುವ ಮಾಹಿತಿಯನ್ನು ಗುಟ್ಟಾಗಿಡುವ ಎಚ್‌ಟಿಟಿಪಿಎಸ್ ಇಲ್ಲದ ಸೈಟುಗಳಿಗೆಲ್ಲ 'ಸುರಕ್ಷಿತ ಅಲ್ಲ' ಅಂತ ತೋರಿಸತೊಡಗಿತು. ಹಳೆಯ ಕಡೆ ಒಂದೊಂದು ಸೈಟಿಗೂ ಅದಕ್ಕೆ ಬೇಕಾದ ಪ್ರಮಾಣಪತ್ರ ಕೊಳ್ಳಬೇಕಿತ್ತು. ಸ್ವಂತ ಸರ್ವರ್‌ನಲ್ಲಿ ಲೆಟ್ಸ್ ಎನ್‌ಕ್ರಿಪ್ಟ್‌ನ ಉಚಿತ ಪ್ರಮಾಣಪತ್ರ ಒಂದೇ ಸಂಜೆ 34 ಸೈಟಿಗೂ ಹಾಕಿದೆ. ಆಗ ಅದರ ಅವಧಿ 90 ದಿನ ಇತ್ತು, ತನ್ನಷ್ಟಕ್ಕೇ ನವೀಕರಣ ಆಗುತ್ತದೆ.

ಲೆಕ್ಕ ತಪ್ಪಿದ ಕಡೆ

ಮೊದಲ ತಪ್ಪು ಮೇಲ್. ಸೈಟಿನ ಜೊತೆ ಮೇಲೂ ನನ್ನ ಸರ್ವರ್‌ನಲ್ಲೇ ಇರಲಿ ಅಂದುಕೊಂಡೆ. ಹೊಸ ಐಪಿ ವಿಳಾಸಕ್ಕೆ, ಅಂದರೆ ಇಂಟರ್ನೆಟ್ಟಿನಲ್ಲಿ ಸರ್ವರ್ ಗುರುತಿಸುವ ಸಂಖ್ಯೆಗೆ, ಮೇಲ್ ಲೋಕದಲ್ಲಿ ಮರ್ಯಾದೆ ಇರುವುದಿಲ್ಲ. ಊರಿಗೆ ಹೊಸದಾಗಿ ಬಂದವನಿಗೆ ಯಾರೂ ಸಾಲ ಕೊಡುವುದಿಲ್ಲ ಅಲ್ವಾ, ಹಾಗೆ. ಮೇಲ್ ನಿಜವಾಗಿ ನಮ್ಮದೇ ಅಂತ ತೋರಿಸುವ ಎಸ್‌ಪಿಎಫ್, ಡಿಕಿಮ್, ಡಿಮಾರ್ಕ್ ದಾಖಲೆ ಹಾಕಿದೆ, ಐಪಿಯಿಂದ ಹೆಸರಿಗೆ ಹೋಗುವ ರಿವರ್ಸ್ ದಾಖಲೆ ಸರಿ ಮಾಡಿಸಿದೆ. ಆದರೂ ಹೋಮ್‌ಸ್ಟೇಯವರ ಉತ್ತರಗಳು ಪ್ರವಾಸಿಗಳ ಸ್ಪ್ಯಾಮ್ ಪೆಟ್ಟಿಗೆಗೆ ಹೋಗುತ್ತಿದ್ದವು. ಒಂದು ಸಲ ನನ್ನದೇ ಗ್ರಾಹಕರೊಬ್ಬರ ಪಾಸ್‌ವರ್ಡ್ ಸೋರಿ, ನಮ್ಮ ಐಪಿಯೇ ಕಪ್ಪುಪಟ್ಟಿ ಸೇರಿತು. ಡಿಸೆಂಬರ್‌ನಲ್ಲಿ ಇನ್ನೊಬ್ಬರಿಂದ ನಾನು ಅನುಭವಿಸಿದ್ದನ್ನು ಅವತ್ತು ನನ್ನಿಂದ ಉಳಿದ 33 ಜನ ಅನುಭವಿಸಿದರು. 2020ರಲ್ಲಿ ಮೇಲ್ ಪೂರ್ತಿ ಬಿಟ್ಟೆ. ಅದನ್ನೇ ಕಸುಬು ಮಾಡಿಕೊಂಡ ಸೇವೆಯಲ್ಲಿ ದುಡ್ಡು ಕೊಟ್ಟು ಎಲ್ಲರ ಮೇಲ್ ಇಟ್ಟೆ. ಸಣ್ಣ ಹೋಸ್ಟಿಂಗ್ ಶುರು ಮಾಡುವವರು ಮೇಲ್ ಮುಟ್ಟಬಾರದು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಎರಡನೆಯದು ಬೆಲೆ. ಸರ್ವರ್ ನಡೆಸಲು ಹೆಚ್ಚಿನವರು ಸಿಪ್ಯಾನಲ್ ಅನ್ನುವ ಸಾಫ್ಟ್‌ವೇರ್ ಬಳಸುತ್ತಾರೆ, ನಾನೂ ಬಳಸಿದೆ. 2019ರ ಸೆಪ್ಟೆಂಬರ್‌ನಿಂದ ಅದರ ದರ ಸರ್ವರ್ ಲೆಕ್ಕದಿಂದ ಖಾತೆ ಲೆಕ್ಕಕ್ಕೆ ಬದಲಾಯಿತು. 30 ಖಾತೆವರೆಗೆ ಒಂದು ದರ, 100ರವರೆಗೆ ಇನ್ನೊಂದು. ನನ್ನವು ಆಗ 41. ಬೆಲೆ ಇಡುವುದು ಮಾರುವವರಿಗೆ ಬಿಟ್ಟದ್ದು. ಒಂದೇ ಸಾಫ್ಟ್‌ವೇರ್ ಮೇಲೆ ಎಲ್ಲ ಲೆಕ್ಕ ನಿಲ್ಲಿಸಿದ್ದು ನನ್ನ ತಪ್ಪು. ಅಂಥದ್ದೇ ಇನ್ನೊಂದು ಸಾಫ್ಟ್‌ವೇರ್ ವರ್ಚುವಲ್‌ಮಿನ್‌ನ ಉಚಿತ ಆವೃತ್ತಿ ಕಲಿತು ಅದಕ್ಕೆ ಬಂದೆ. ಎರಡು ತಿಂಗಳ ರಾತ್ರಿಗಳು ಅದಕ್ಕೆ ಹೋದವು.

ಮೂರನೆಯದನ್ನು ಬರೆಯಲು ಈಗಲೂ ಕೈ ನಡುಗುತ್ತದೆ. 2021ರ ಮಾರ್ಚ್ 10ರಂದು ಫ್ರಾನ್ಸಿನ ಸ್ಟ್ರಾಸ್‌ಬುರ್ಗ್‌ನಲ್ಲಿ ಓವಿಎಚ್ ಕಂಪನಿಯ ಡೇಟಾ ಸೆಂಟರ್‌ಗೆ ಬೆಂಕಿ ಬಿತ್ತು. ಒಂದು ಕಟ್ಟಡ ಪೂರ್ತಿ ಸುಟ್ಟಿತು. ಬೇರೆ ಕಡೆ ಬ್ಯಾಕಪ್ ಇಡದ ಎಷ್ಟೋ ಜನ ಅಲ್ಲಿದ್ದ ಡೇಟಾ ಕಳೆದುಕೊಂಡರು. ಸುದ್ದಿ ಓದಿದ ಸಂಜೆ ನನ್ನ ಬ್ಯಾಕಪ್ ತೆರೆದು ನೋಡಿದೆ. ಎಲ್ಲವೂ ಬೆಂಗಳೂರಿನ ಅದೇ ಡೇಟಾ ಸೆಂಟರ್‌ನಲ್ಲಿದ್ದವು. ಅದಕ್ಕಿಂತ ಕೆಟ್ಟದ್ದು, ಒಂದು ಸಹಕಾರಿ ಸಂಘದ ಡೇಟಾಬೇಸ್ ಬ್ಯಾಕಪ್‌ನ ಗಾತ್ರ ಸೊನ್ನೆ. ನವೆಂಬರ್‌ನಲ್ಲಿ ಪಾಸ್‌ವರ್ಡ್ ಬದಲಾಯಿಸಿದ್ದೆ, ಬ್ಯಾಕಪ್ ಸ್ಕ್ರಿಪ್ಟ್‌ನಲ್ಲಿ ಬದಲಾಯಿಸಿರಲಿಲ್ಲ. ನಾಲ್ಕು ತಿಂಗಳು ಪ್ರತಿ ರಾತ್ರಿ ಖಾಲಿ ಫೈಲು ಉಳಿಯುತ್ತಿತ್ತು. ಆ ನಾಲ್ಕು ತಿಂಗಳಲ್ಲಿ ಏನೂ ಆಗಲಿಲ್ಲ, ಅಷ್ಟೇ. ಈಗ ಒಂದು ಪ್ರತಿ ಮುಂಬೈಯಲ್ಲಿ ಇದೆ, ಇನ್ನೊಂದು ಮನೆಯ ಹಾರ್ಡ್ ಡಿಸ್ಕ್‌ನಲ್ಲಿ. ತಿಂಗಳಿಗೊಮ್ಮೆ ಯಾವುದಾದರೂ ಮೂರು ಸೈಟನ್ನು ಬ್ಯಾಕಪ್‌ನಿಂದ ನಿಜವಾಗಿ ಎಬ್ಬಿಸಿ ನೋಡುತ್ತೇನೆ. ಎಬ್ಬಿಸಿ ನೋಡದ ಬ್ಯಾಕಪ್ಪನ್ನು ಬ್ಯಾಕಪ್ ಅಂತ ಕರೆಯುವ ಧೈರ್ಯ ನನಗಿಲ್ಲ.

ಆಮೇಲೆ ಕಾನೂನು. 2022ರ ಏಪ್ರಿಲ್ 28ರ ಸರ್ಟ್-ಇನ್ (ಸೈಬರ್ ಭದ್ರತೆ ನೋಡಿಕೊಳ್ಳುವ ಕೇಂದ್ರ ಸರ್ಕಾರದ ಸಂಸ್ಥೆ) ನಿರ್ದೇಶನದ ಪ್ರಕಾರ ಲಾಗ್‌ಗಳನ್ನು 180 ದಿನ ಉಳಿಸಬೇಕು, ಭದ್ರತೆಯ ತೊಂದರೆ ಗಮನಕ್ಕೆ ಬಂದ 6 ಗಂಟೆಯೊಳಗೆ ವರದಿ ಮಾಡಬೇಕು. ವಿಪಿಎಸ್ ಬಾಡಿಗೆಗೆ ಕೊಡುವಂಥವರು ಗ್ರಾಹಕರ ವಿವರವನ್ನು, ಅವರು ಬಿಟ್ಟುಹೋದ ಮೇಲೂ, 5 ವರ್ಷ ಇಡಬೇಕು. ಒಬ್ಬನೇ ನಡೆಸುವವನಿಗೆ 6 ಗಂಟೆ ಅಂದರೆ ಒಂದು ನಿದ್ದೆ. ಅದು ಬಂದ ಮೇಲೆಯೇ ಕುಮಟಾದ ಗೆಳೆಯನೊಬ್ಬನನ್ನು ಜೊತೆ ಮಾಡಿಕೊಂಡೆ. ಅವನದೂ ಇಂಥದ್ದೇ ಸಣ್ಣ ಹೋಸ್ಟಿಂಗ್. ಅವನ ಪಾಸ್‌ವರ್ಡ್‌ಗಳ ಲಕೋಟೆ ನಮ್ಮ ಮನೆ ಕಪಾಟಿನಲ್ಲಿ, ನನ್ನದು ಅವನ ಮನೆಯಲ್ಲಿ. 2023ರ ಮಳೆಗಾಲದಲ್ಲಿ ನನಗೆ ಜ್ವರ ಬಂದು ಒಂದು ವಾರ ಆಸ್ಪತ್ರೆಯಲ್ಲಿದ್ದಾಗ ಅವನು ನನ್ನ ಲಕೋಟೆ ಒಡೆದ. ಗ್ರಾಹಕರಿಗೆ ಏನೂ ಗೊತ್ತಾಗಲಿಲ್ಲ.

ಕೈಗೆ ಉಳಿದದ್ದು

2023-24ರ ಲೆಕ್ಕ ಬಿಚ್ಚಿಡುತ್ತೇನೆ. ದುಡ್ಡಿಗಾಗಿಯೇ ಶುರು ಮಾಡಬೇಕು ಅಂತಿರುವವರು ನೋಡಲಿ. 58 ಸೈಟು, ತಲಾ 3,500 ರೂಪಾಯಿಯಂತೆ 2,03,000. ಖರ್ಚಿನಲ್ಲಿ ಡೊಮೇನ್‌ಗಳಿಗೆ 52,200, ಸರ್ವರ್‌ಗೆ 50,400, ಮೇಲ್ ಸೇವೆಗೆ 31,000, ಬ್ಯಾಕಪ್‌ಗೆ 9,600, ಎಚ್ಚರಿಕೆ ಕಳಿಸುವ ಸೇವೆಗೆ 3,000. ಒಟ್ಟು 1,46,200. ಇದರಲ್ಲಿ ನಾನು ಕಟ್ಟುವ ಶೇಕಡಾ 18 ಜಿಎಸ್‌ಟಿಯೂ ಸೇರಿದೆ. ನನ್ನದು ನೋಂದಣಿ ಮಿತಿಯೊಳಗಿನ ವ್ಯವಹಾರ, ಹಾಗಾಗಿ ಅದು ವಾಪಸ್ ಸಿಗುವುದಿಲ್ಲ. ಉಳಿದದ್ದು 56,800, ಅಂದರೆ ತಿಂಗಳಿಗೆ 4,700ರ ಆಸುಪಾಸು. ವರ್ಷಕ್ಕೆ ಮೂರು ಹೊಸ ಸೈಟು ಮಾಡಿದರೆ ಇಷ್ಟೇ ಸಿಗುತ್ತದೆ, ರಾತ್ರಿ ನಿದ್ದೆಯೂ ಸಿಗುತ್ತದೆ.

ಆದರೂ ಬಿಟ್ಟಿಲ್ಲ. ಈ 58 ಜನ ವರ್ಷಕ್ಕೊಮ್ಮೆಯಾದರೂ ಫೋನ್ ಮಾಡುತ್ತಾರೆ. ಹೊಸ ಕೆಲಸ ಬರುವುದೇ ಆ ಮಾತಿನಿಂದ. ಮೇಳದವರು ತಿರುಗಾಟದ ಪಟ್ಟಿ ಹಾಕಿಸುತ್ತಾರೆ, ಉಪ್ಪಿನಕಾಯಿ ಮನೆಯವರು ಯುಪಿಐ ಪಾವತಿ ಜೋಡಿಸಲು ಹೇಳುತ್ತಾರೆ. ನವೀಕರಣದ ನೆನಪನ್ನು ನಾನು ಕನ್ನಡದಲ್ಲಿ ಕಳಿಸುತ್ತೇನೆ, ಮೇಲ್‌ನಲ್ಲಲ್ಲ, ವಾಟ್ಸ್‌ಆ್ಯಪ್‌ನಲ್ಲಿ. ಓದದಿದ್ದರೆ ಫೋನ್ ಮಾಡುತ್ತೇನೆ. 2018ರಿಂದ ಒಬ್ಬರ ಡೊಮೇನೂ ಕೈತಪ್ಪಿಲ್ಲ. ಅದಕ್ಕಿಂತ ಮುಖ್ಯವಾಗಿ, ಪ್ರತಿ ಡೊಮೇನೂ ಆಯಾ ಗ್ರಾಹಕರ ಹೆಸರಲ್ಲೇ ಇದೆ. ಡೊಮೇನನ್ನು ತನ್ನ ಹೆಸರಲ್ಲಿ ಬರೆಸಿಕೊಂಡು, ಬಿಟ್ಟುಹೋಗುವಾಗ ದುಡ್ಡು ಕೇಳುವವರನ್ನು ಈ ಕಸುಬಿನಲ್ಲಿ ನೋಡಿದ್ದೇನೆ. ನಮ್ಮಲ್ಲಿ ಅದು ನಡೆಯಬಾರದು ಅಂತ ಮೊದಲ ದಿನವೇ ಬರೆದಿಟ್ಟುಕೊಂಡಿದ್ದೆ.

2024ರ ನವೆಂಬರ್‌ನಲ್ಲಿ ಗೋಕರ್ಣದ ಅಕ್ಕ ಫೋನ್ ಮಾಡಿದರು. ಮಾತು ಶುರು ಮಾಡಲು ಸ್ವಲ್ಪ ಹಿಂಜರಿದರು. ಸೊಸೆ ಬೆಂಗಳೂರಲ್ಲಿ ಐಟಿ ಕೆಲಸದಲ್ಲಿದ್ದಾಳೆ, ಸೈಟನ್ನು ಅವಳೇ ಹೊಸದಾಗಿ ಮಾಡುತ್ತಾಳಂತೆ, ಬೇರೆ ಕಡೆ ಇಡುತ್ತಾಳಂತೆ. "ಬೇಜಾರ ಮಾಡ್ಕ್ಯಳಡ ತಮಾ."

ಬೇಜಾರಾಗಲಿಲ್ಲ ಅಂದರೆ ಸುಳ್ಳಾದೀತು. ಈ ವ್ಯಾಪಾರ ಶುರುವಾದದ್ದೇ ಅವರ ಸೈಟಿನಿಂದ. ಸೊಸೆಯ ನಂಬರ್ ತೆಗೆದುಕೊಂಡೆ. ಡೊಮೇನಿನ ಲಾಕ್ ತೆಗೆದೆ. ಪೂರ್ತಿ ಬ್ಯಾಕಪ್‌ನ ಲಿಂಕ್ ಕಳಿಸಿದೆ, ಅದನ್ನು ಒಮ್ಮೆ ಎಬ್ಬಿಸಿ ನೋಡಿದ ಮೇಲೆ. ಡಿಸೆಂಬರ್ 20ರ ನಂತರ ಬದಲಾವಣೆ ಮಾಡಬೇಡಮ್ಮಾ, ಆ ವಾರ ಬುಕಿಂಗ್ ಬರುತ್ತವೆ ಅಂತ ಹೇಳಿದೆ. ವರ್ಗಾವಣೆಯ ಕೋಡ್ ಮೆಸೇಜಿನಲ್ಲೂ ಕಳಿಸಿ, ಫೋನಿನಲ್ಲೂ ಒಂದೊಂದೇ ಅಕ್ಷರ ಓದಿ ಹೇಳಿದೆ. ಅವಳು ಬರೆದುಕೊಂಡು ಮತ್ತೆ ಓದಿ ತೋರಿಸಿದಳು. ಸರಿ ಇತ್ತು.

ಸಂಜೆ ಲೆಕ್ಕದ ಪುಸ್ತಕದಲ್ಲಿ ಮೊದಲ ಸಾಲಿನ ಮುಂದೆ ತಾರೀಖು ಬರೆದೆ. ಈಗ 57.